ಸುರಂಗದೊಳಗೆ ಸ್ಪೀಕರ್ ಯಾಕೆ?

ಈಗಷ್ಟೇ ಮನೆಗೆ ಬಂದೆ. ಸೈಕಲ್ ಇನ್ನೂ ಮೆಟ್ಟಿಲ ಕೆಳಗೇ ಇದೆ. ಬ್ಯಾಗ್ ಬಿಚ್ಚಿಲ್ಲ, ಸ್ನಾನ ಆಗಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ.

ನನ್ನ ಭಾನುವಾರ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು. ಲಿಯಾನ್‌ನಲ್ಲಿ ಬೆಳಗಿನ ಲೋಕಲ್ ರೈಲಿಗೆ ಸೈಕಲ್ ಹತ್ತಿಸುವುದು, ಮಾಕೋನ್‌ನಲ್ಲಿ ಇಳಿಯುವುದು, ಊರು ದಾಟಿ ಕ್ಲೂನಿ ಕಡೆಗೆ ಹಸಿರು ದಾರಿ ಹಿಡಿಯುವುದು. ಫ್ರೆಂಚರು ಅದಕ್ಕೆ ‘ವ್ವಾ ವೆರ್ತ್’ ಅನ್ನುತ್ತಾರೆ. ಅರ್ಥವೂ ಅದೇ, ಹಸಿರು ದಾರಿ. ಕಾರು, ಬೈಕು, ಲಾರಿ ಯಾವುದೂ ಬರುವ ಹಾಗಿಲ್ಲ. ನಡೆಯುವವರು, ಸೈಕಲ್‌ನವರು, ಕೆಲವು ಕಡೆ ಕುದುರೆ ಸವಾರರು, ಅಷ್ಟೇ. ಇವತ್ತು ಎರಡೂ ಕಡೆ ದ್ರಾಕ್ಷಿ ತೋಟ. ಕೆಲವು ಕೊಯ್ಲಾಗಿದ್ದವು, ಕೆಲವು ಇನ್ನೂ ಗೊಂಚಲು ತುಂಬಿಕೊಂಡಿದ್ದವು. ಗುಡ್ಡದ ಮೇಲೆ ಬೆರ್ಜೆ ಕೋಟೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿತ್ತು. ಎಷ್ಟು ಚೆಂದದ ಬೆಳಗ್ಗೆ!

ಆಮೇಲೆ ಬ್ವಾ ಕ್ಲೇರ್ ಸುರಂಗ ಬಂತು. ಹಳೇ ರೈಲು ಸುರಂಗ, 1.6 ಕಿ.ಮೀ. ಉದ್ದ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಕಾಲಿಟ್ಟ ತಕ್ಷಣ ತೋಳಿನ ರೋಮ ನಿಲ್ಲುತ್ತದೆ. ನಾನು ಯಾವಾಗಲೂ ಬಾಯಲ್ಲಿ ನಿಂತು ಜಾಕೆಟ್ ಹಾಕಿಕೊಂಡೇ ಒಳಗೆ ಹೋಗುವುದು. ಚೈನಿನ ಕಟಕಟ ಗೋಡೆಗೆ ತಾಗಿ ವಾಪಸ್ ನಮ್ಮ ಕಿವಿಗೇ ಬರುತ್ತದೆ. ಎಲ್ಲೋ ಒಂದು ಹನಿ ನೀರು ಬಿದ್ದರೂ ಗೊತ್ತಾಗುತ್ತದೆ. ಯಾರೂ ಹೇಳಿಕೊಡದಿದ್ದರೂ ಜನ ಅಲ್ಲಿ ಪಿಸುಮಾತಿಗೆ ಇಳಿಯುತ್ತಾರೆ. ಚಿಕ್ಕ ಮಕ್ಕಳು ಒಂದು ಸಲ ‘ಓ’ ಅಂತ ಕೂಗಿ ಪ್ರತಿಧ್ವನಿ ಕೇಳಿಸಿಕೊಂಡು ಸುಮ್ಮನಾಗುತ್ತಾರೆ. ಅದು ಬೇಕು, ಅದು ಚೆಂದ.

ಇವತ್ತು ಅರ್ಧ ದಾರಿಯಲ್ಲಿದ್ದಾಗ ಹಿಂದಿನಿಂದ ಧಡ್ ಧಡ್ ಧಡ್ ಅಂತ ಶುರುವಾಯಿತು. ಸುರಂಗ ಪೂರ್ತಿ ಅದೇ. ಎಷ್ಟು ದೂರದಲ್ಲಿದೆ, ಎಷ್ಟು ವೇಗದಲ್ಲಿ ಬರುತ್ತಿದೆ, ಒಂದೂ ಗೊತ್ತಾಗುತ್ತಿಲ್ಲ. ನನ್ನ ಮುಂದೆ ಎಪ್ಪತ್ತು ದಾಟಿದ ಗಂಡ ಹೆಂಡತಿ ನಿಧಾನಕ್ಕೆ ಹೋಗುತ್ತಿದ್ದರು. ಆ ಅಜ್ಜಿ ಸೈಕಲ್‌ನಿಂದ ಇಳಿದೇಬಿಟ್ಟರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ತಾವೂ ಗೋಡೆಗೆ ಬೆನ್ನು ಹಚ್ಚಿ ನಿಂತರು. ಒಂದು ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದಿದ್ದರು. ಮುಖದಲ್ಲಿ ಭಯ ಇತ್ತು. ನಾನು ಕಣ್ಣಾರೆ ನೋಡಿದೆ. ನಾಲ್ಕು ಜನ ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಬಂದರು. ಮೊದಲನೆಯವನ ಹ್ಯಾಂಡಲ್‌ಗೆ ಸ್ಪೀಕರ್ ಕಟ್ಟಿತ್ತು. ನಗುತ್ತಾ, ‘ಬೊಂಜೂರ್’ ಅನ್ನುತ್ತಾ ದಾಟಿ ಹೋದರು.

ಸುರಂಗದ ಆಚೆ ತುದಿಯಲ್ಲಿ ಅವರು ನಿಂತು ನೀರು ಕುಡಿಯುತ್ತಿದ್ದರು. ನಾನು ಹೋಗಿ ಕೇಳಿದೆ. ನನ್ನ ಫ್ರೆಂಚ್ ಅಷ್ಟೇನೂ ಚೆನ್ನಾಗಿಲ್ಲ, ಆದರೆ ಕೇಳಬೇಕಾದ್ದನ್ನು ಕೇಳುವಷ್ಟು ಬರುತ್ತದೆ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಸಮಾಧಾನವಾಗಿ ಹೇಳಿದ: “ಇಯರ್‌ಫೋನ್ ಹಾಕಿಕೊಂಡರೆ ದಂಡ ಬೀಳುತ್ತದೆ ಮೇಡಂ, ಅದಕ್ಕೇ ಸ್ಪೀಕರ್.”

ಈ ಮಾತು ದಿನವಿಡೀ ತಲೆಯಲ್ಲಿ ಸುತ್ತುತ್ತಿದೆ. ದಂಡದ ವಿಷಯ ನಿಜ. 2015ರಿಂದ ಫ್ರಾನ್ಸ್‌ನಲ್ಲಿ ಸೈಕಲ್ ತುಳಿಯುವಾಗ ಇಯರ್‌ಫೋನ್ ಹಾಕಿಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ 135 ಯೂರೋ. ಆದರೆ ಆ ಕಾನೂನು ಯಾಕೆ ಬಂತು? ಸೈಕಲ್ ಮೇಲೆ ಕೂತವರಿಗೆ ಕಿವಿ ಕೇಳುತ್ತಿರಬೇಕು ಅಂತ ತಾನೇ? ತನ್ನ ಕಿವಿ ಮುಚ್ಚಬಾರದು ಅಂತ ಬಂದ ಕಾನೂನನ್ನು ಹಿಡಿದುಕೊಂಡು ಊರಿನವರ ಕಿವಿಯನ್ನೆಲ್ಲ ಮುಚ್ಚುವುದು ಯಾವ ನ್ಯಾಯ? ಎದುರಿಗಿರುವವರಿಗೆ ಗೊತ್ತಾಗಲಿ ಅಂತಲೇ ಬೆಲ್ ಇರುವುದು. ಇಲ್ಲಿ ಪ್ರತಿ ಸೈಕಲ್‌ಗೂ ಬೆಲ್ ಕಡ್ಡಾಯ, 50 ಮೀಟರ್ ದೂರಕ್ಕೆ ಕೇಳಿಸಬೇಕು. ಒಂದು ಸಲ ಟ್ರಿಣ್ ಅಂದರೆ ಸಾಕಿತ್ತು. ಆ ಅಜ್ಜಿ ಒಂದು ಪಕ್ಕಕ್ಕೆ ಸರಿಯುತ್ತಿದ್ದರು, ಅಷ್ಟೇ.

ನಾನು ಯಾಕಿಷ್ಟು ತಲೆಗೆ ಹಚ್ಚಿಕೊಂಡಿದ್ದೇನೆ ಅಂತ ಕೆಲವರಿಗೆ ಅನ್ನಿಸಬಹುದು. ಅದಕ್ಕೊಂದು ಕಾರಣ ಇದೆ. ಇಲ್ಲಿ ಯಾವತ್ತೂ ಬರೆದಿಲ್ಲ.

ನಮ್ಮೂರು ಶಿರಾ ಹತ್ತಿರ, ಹೆದ್ದಾರಿ ಪಕ್ಕ. ಅಪ್ಪ ಕಡಲೆಕಾಯಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನಾ ಹೋಗಿ ಬರಲು ಅಟ್ಲಾಸ್ ಸೈಕಲ್. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಹಿಂದಿನಿಂದ ಬಂದ ಲಾರಿ ತಗುಲಿಸಿಕೊಂಡು ಹೋಯಿತು. ಅಪ್ಪ ಉಳಿದರು. ಎಡಗಾಲು ಮೊದಲಿನಂತಾಗಲಿಲ್ಲ. ಸೈಕಲ್ಲನ್ನು ಅಮ್ಮ ಗುಜರಿಗೆ ಹಾಕಿಸಿದರು. ನನಗೆ ಸೈಕಲ್ ಮುಟ್ಟಲು ಬಿಡಲಿಲ್ಲ. ಆಮೇಲೆ ನಾನು ಸೈಕಲ್ ಹತ್ತಿದ್ದು ಇಲ್ಲಿಗೆ ಬಂದ ಮೇಲೆ, 36ನೇ ವಯಸ್ಸಿಗೆ.

ರಸ್ತೆಯಲ್ಲಿ ಸೈಕಲ್ ತುಳಿಯುವವರ ಕಿವಿ ಬೆನ್ನಲ್ಲಿರುತ್ತದೆ. ನೀವೂ ತುಳಿದಿದ್ದರೆ ಗೊತ್ತಿರುತ್ತದೆ. ಬರುತ್ತಿರುವುದು ಬಸ್ಸಾ, ಟ್ರ್ಯಾಕ್ಟರ್ರಾ, ಹಾರ್ನ್ ಹೊಡೆಯುತ್ತಾನಾ, ಸುಮ್ನೆ ಉಜ್ಜಿಕೊಂಡು ಹೋಗುತ್ತಾನಾ ಅಂತ ಪ್ರತಿ ಕ್ಷಣ ಲೆಕ್ಕ. ಭುಜ ಬಿಗಿಯಾಗಿರುತ್ತದೆ, ಅದು ಬಿಗಿಯಾಗಿದೆ ಅಂತಲೂ ಗೊತ್ತಿರಲ್ಲ. ಹಸಿರು ದಾರಿಗೆ ನಾನು ಮೊದಲ ಸಲ ಹೋದಾಗ ಐದಾರು ಕಿ.ಮೀ. ಆದ ಮೇಲೆ ಭುಜ ತಾನಾಗಿಯೇ ಇಳಿಯಿತು. ಆಗ ಕಿವಿ ಮುಂದಕ್ಕೆ ಬಂತು. ಬೇಲಿಯಾಚೆ ಶಾರೊಲೆ ಜಾತಿಯ ಬಿಳಿ ದನಗಳು ಹುಲ್ಲು ಕೀಳುವ ಕರ್ ಕರ್ ಸದ್ದು ಕೇಳಿಸಿತು. ಹುಲ್ಲು ಕೀಳುವುದಕ್ಕೂ ಒಂದು ಸದ್ದಿದೆ ಅಂತ, ಹಳ್ಳಿಯಲ್ಲೇ ಬೆಳೆದ ನಾನು, ಆವತ್ತೇ ಗಮನ ಕೊಟ್ಟು ಕೇಳಿದ್ದು.

ಹೋದ ವರ್ಷ ಜೂನ್‌ನಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಪ್ಯಾರಿಸ್ ತೋರಿಸಿದೆ, ನೋಡಿದರು, ಸರಿ. ಒಂದು ದಿನ ಕೊರ್ಮಾತ್ಯಾ ಹತ್ತಿರ ಹಸಿರು ದಾರಿಗೆ ಕರೆದುಕೊಂಡು ಹೋದೆ. ಬಾಡಿಗೆಗೆ ಒಂದು ತಗ್ಗು ಸೈಕಲ್ ತೆಗೆದೆ. ಬೇಡ ಬೇಡ ಅಂದರು. ಆಮೇಲೆ ಹ್ಯಾಂಡಲ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಹತ್ತಿದರು. ನಾನು ಹಿಂದೆಯೇ ಇದ್ದೆ. ಮೊದಲ ಒಂದು ಕಿ.ಮೀ.ನಲ್ಲಿ ಎಷ್ಟು ಸಲ ಹಿಂದೆ ತಿರುಗಿ ನೋಡಿದರೋ! ಪ್ರತಿ ಸಲವೂ ನನ್ನನ್ನಲ್ಲ, ನನ್ನಾಚೆ, ರಸ್ತೆಯನ್ನು ನೋಡುತ್ತಿದ್ದರು.

“ಹಿಂದ್ಲಿಂದ ಏನೂ ಬರಲ್ವೇನಮ್ಮಾ?” ಅಂದರು.

“ಏನೂ ಬರಲ್ಲಪ್ಪಾ. ಬರೋ ಹಾಗೇ ಇಲ್ಲ.”

ಆಮೇಲೂ ಎರಡು ಸಲ ನೋಡಿದರು. ಆಮೇಲೆ ನೋಡಲಿಲ್ಲ. ಎಡಗಾಲು ಪೆಡಲ್ ಮೇಲೆ ಸ್ವಲ್ಪ ತಡವರಿಸುತ್ತಿತ್ತು, ಬಲಗಾಲು ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಕತ್ತು ನೇರ ಇತ್ತು. ಮೂವತ್ತು ವರ್ಷದಿಂದ ಅವರ ಬೆನ್ನಲ್ಲಿದ್ದ ಲಾರಿ ಅಲ್ಲಿ ಇಳಿದು ಹೋಗಿದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಅಳು ಬಂತು. ಜೋರಾಗಿಯೇ ಅತ್ತೆ. ಅಪ್ಪ ಮುಂದಿದ್ದರು, ನೋಡಲಿಲ್ಲ.

ಅವತ್ತು ಆ ನಾಲ್ಕು ಜನ ಸ್ಪೀಕರ್ ಹಾಕಿಕೊಂಡು ಹಿಂದಿನಿಂದ ಬಂದಿದ್ದರೆ? ಇವತ್ತು ಇಡೀ ದಿನ ಇದನ್ನೇ ಯೋಚಿಸಿದೆ. ಆ ಅಜ್ಜಿಯ ಜಾಗದಲ್ಲಿ ಅಪ್ಪ ಗೋಡೆಗೆ ಒರಗಿ ನಿಂತಿದ್ದರೆ?

ಈ ಮೌನ ತಾನಾಗಿ ಬಂದದ್ದಲ್ಲ ಅನ್ನುವುದೂ ನೆನಪಿರಲಿ. ಈ ದಾರಿಯಲ್ಲಿ ಒಂದು ಕಾಲಕ್ಕೆ ರೈಲು ಓಡುತ್ತಿತ್ತು. ರೈಲು ನಿಂತು, ಹಳಿ ಹೋಗಿ, ಮುಳ್ಳು ಬೆಳೆದ ಜಾಗ. ಅದನ್ನು ಮಾರಿ ತುಂಡು ತುಂಡು ಮಾಡಬಹುದಿತ್ತು, ಮೇಲೆ ಕಾರಿನ ರಸ್ತೆ ಎಳೆಯಬಹುದಿತ್ತು. ಬದಲಿಗೆ 1997ರಲ್ಲಿ ಜಿವ್ರಿಯಿಂದ ಕ್ಲೂನಿವರೆಗೆ 44 ಕಿ.ಮೀ. ಡಾಂಬರು ಹಾಕಿ ಸೈಕಲ್‌ಗೆ ಬಿಟ್ಟುಕೊಟ್ಟರು. ಫ್ರಾನ್ಸ್‌ನ ಮೊದಲ ಹಸಿರು ದಾರಿ ಇದೇ. ರೈಲಿಗೆ ಕಡಿದಾದ ಏರು ಆಗಲ್ಲವಲ್ಲ, ಹಾಗಾಗಿ ಇಡೀ ದಾರಿ ನಯವಾಗಿ ಏರಿ ನಯವಾಗಿ ಇಳಿಯುತ್ತದೆ. ಏಳು ವರ್ಷದ ಮಗುವೂ ತುಳಿಯಬಹುದು, ಕಾಲು ನೋವಿರುವ ನಮ್ಮಪ್ಪನೂ ತುಳಿಯಬಹುದು. ಈಗ ದೇಶದ ತುಂಬ ಇಂಥವು ಇವೆ. ನಾಂತ್‌ನಿಂದ ಬ್ರೆಸ್ಟ್‌ಗೆ ಹೋಗುವ ಕಾಲುವೆಯ ದಂಡೆಯೇ 360 ಕಿ.ಮೀ. ಮೇಲಿದೆ. ಲ್ವಾರ್ ನದಿ ಪಕ್ಕದ ಸೈಕಲ್ ದಾರಿ 900 ಕಿ.ಮೀ., ಅದರಲ್ಲಿ ಕೆಲವು ಭಾಗ ವಾಹನ ಕಡಿಮೆ ಇರುವ ಹಳ್ಳಿ ರಸ್ತೆ. ಹಳ್ಳಿ ರಸ್ತೆಯಲ್ಲೂ ಕಾರಿನವರು ಸೈಕಲ್ ದಾಟುವಾಗ ಒಂದೂವರೆ ಮೀಟರ್ ಬಿಡಬೇಕು ಅಂತ ಕಾನೂನು ಇದೆ. ಬಹಳ ಜನ ಬಿಡುತ್ತಾರೆ.

ಸುರಂಗದ ಕಥೆ ಇನ್ನೂ ಇದೆ. ನವೆಂಬರ್‌ನಿಂದ ಮಾರ್ಚ್ ತನಕ ಅದನ್ನು ಮುಚ್ಚುತ್ತಾರೆ. ಬಾವಲಿಗಳು ಅಲ್ಲಿ ಚಳಿಗಾಲದ ನಿದ್ದೆ ಮಾಡುತ್ತವೆ ಅಂತ. ಆ ಐದು ತಿಂಗಳು ನಾವು ಗುಡ್ಡ ಹತ್ತಿ ಇಳಿದು ಹೋಗುತ್ತೇವೆ, ಏದುಸಿರು ಬಿಡುತ್ತಾ. ನನಗೆ ಒಂದು ದಿನವೂ ಬೇಜಾರಾಗಿಲ್ಲ. ಬಾವಲಿಯ ನಿದ್ದೆ ಕೆಡಬಾರದು ಅಂತ ಇಡೀ ಸುರಂಗ ಮುಚ್ಚುವ ಊರಲ್ಲಿ ಮನುಷ್ಯರ ಭಾನುವಾರಕ್ಕೆ ಅಷ್ಟೂ ಬೆಲೆ ಇಲ್ವಾ?

ಇನ್ನು ಕ್ಲೂನಿ. ಸುರಂಗ ದಾಟಿ ಇಳಿದರೆ ಸಿಗುವ ಊರು. 910ರಲ್ಲಿ ಶುರುವಾದ ಮಠ. ರೋಮ್‌ನ ಸಂತ ಪೀಟರ್ ಚರ್ಚ್ ಕಟ್ಟುವ ತನಕ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚ್ ಇಲ್ಲಿಯದೇ. ಫ್ರೆಂಚ್ ಕ್ರಾಂತಿಯ ನಂತರ ಕಲ್ಲಿಗಾಗಿ ಕೆಡವಿ ಹಾಕಿದರು, ಈಗ ಉಳಿದಿರುವುದು ಸ್ವಲ್ಪವೇ. ನನಗೆ ಆ ಚರ್ಚಿಗಿಂತ ಅಲ್ಲಿದ್ದ ಸನ್ಯಾಸಿಗಳ ವಿಷಯ ಜಾಸ್ತಿ ಇಷ್ಟ. ಮೌನ ಮುರಿಯಬಾರದು ಅಂತ ಅವರು ಕೈಸನ್ನೆಯ ಒಂದು ಭಾಷೆಯನ್ನೇ ಮಾಡಿಕೊಂಡಿದ್ದರು. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡಗೆ ಮಾಡಿದರೆ ರೊಟ್ಟಿ ಅಂತ ಅರ್ಥ. ಮೀನು ಬೇಕಾದರೆ ಅಂಗೈಯನ್ನು ಮೀನಿನ ಬಾಲದ ಹಾಗೆ ಆಡಿಸುವುದು. ಪಕ್ಕದವನ ಮೌನ ಕೆಡಬಾರದು ಅಂತ ಊಟ ಕೇಳುವುದಕ್ಕೂ ಬಾಯಿ ಬಿಡದವರು ಬದುಕಿದ್ದ ಊರು ಅದು. ಇವತ್ತು ಆ ಊರಿಗೆ ಹೋಗುವ ದಾರಿಯಲ್ಲಿ ಧಡ್ ಧಡ್.

“ದಾರಿ ಎಲ್ಲರದ್ದು, ಅವರವರ ಖುಷಿ ಅವರಿಗೆ, ನೀನ್ಯಾರು ಕೇಳೋಕೆ?” ಅಂತ ಮಧ್ಯಾಹ್ನ ಫೋನಿನಲ್ಲಿ ಗೆಳತಿಯೊಬ್ಬಳು ಅಂದಳು. ಎಲ್ಲರದ್ದು ಅಂತಲೇ ನಾನು ಕೇಳುತ್ತಿರುವುದು. ನಾನು ಮೌನವಾಗಿ ಹೋದರೆ ಹಾಡು ಬೇಕಾದವನು ಏನನ್ನೂ ಕಳೆದುಕೊಳ್ಳಲ್ಲ, ಅವನು ಬಾಯಿಬಿಟ್ಟು ಹಾಡಲಿ, ನನಗೆ ಖುಷಿಯೇ. ಸ್ಪೀಕರ್ ಹಾಕಿದರೆ ಒಂದು ಕಿ.ಮೀ. ಉದ್ದಕ್ಕೂ ಇರುವವರ ಪಾಲಿನದ್ದನ್ನು ಒಬ್ಬನೇ ತಿಂದ ಹಾಗೆ. ಹಾಡಿಗೆ ಬೇರೆ ಜಾಗ ಸಾವಿರ ಇವೆ. ಅಪ್ಪ ಹಿಂದೆ ತಿರುಗಿ ನೋಡದೆ ಸೈಕಲ್ ತುಳಿಯಬಹುದಾದ ಜಾಗ ಎಷ್ಟಿವೆ ಹೇಳಿ?

ವಾಪಸ್ ಬರುವಾಗ ನೀರು ಮುಗಿದಿತ್ತು. ಭಾನುವಾರ ಮಧ್ಯಾಹ್ನ, ಹಳ್ಳಿ ಅಂಗಡಿ ಮುಚ್ಚಿತ್ತು. ಇಲ್ಲಿ ಸೈಕಲ್‌ನವರು ಮಾಡುವ ಹಾಗೆ ಊರ ಸ್ಮಶಾನಕ್ಕೆ ಹೋದೆ. ಸಮಾಧಿಗಳ ಹೂಗಿಡಕ್ಕೆ ಹಾಕಲು ಗೇಟಿನ ಪಕ್ಕ ನಲ್ಲಿ ಇರುತ್ತದೆ. ಕುಡಿಯಬಾರದು ಅಂತ ಬೋರ್ಡ್ ಇಲ್ಲ ಅಂತ ನೋಡಿಕೊಂಡು ಬಾಟಲಿ ತುಂಬಿಸಿದೆ. ಆ ಅಜ್ಜ ಅಜ್ಜಿಯೂ ಅಲ್ಲಿಗೇ ಬಂದರು. ಅಜ್ಜಿ ನನ್ನ ಗುರುತು ಹಿಡಿದರು. ಬಾಟಲಿ ಹಿಡಿದುಕೊಂಡರು, ನಾನು ನಲ್ಲಿ ಒತ್ತಿ ಹಿಡಿದೆ. ಸುರಂಗದ ವಿಷಯ ಇಬ್ಬರೂ ಎತ್ತಲಿಲ್ಲ. ಬಾಟಲಿ ತುಂಬಿದ ಮೇಲೆ ಅವರು ನನ್ನ ತೋಳನ್ನು ಒಮ್ಮೆ ಒತ್ತಿ ಹೋದರು.

ಸುರಂಗ ಮುಚ್ಚುವ ಮೊದಲು ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಹೋಗುತ್ತೇನೆ. ಲಿಯಾನ್, ಗ್ರೆನೋಬ್ಲ್, ಜಿನೀವಾ ಕಡೆ ಇರುವ ಕನ್ನಡದವರು ಯಾರಾದರೂ ಬರುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ಚಪಾತಿ, ಚಟ್ನಿಪುಡಿ ನಾನು ತರುತ್ತೇನೆ. ಸುರಂಗಕ್ಕೆ ಜಾಕೆಟ್ ತನ್ನಿ, ಸೈಕಲ್‌ಗೆ ಬೆಲ್ ಇದೆಯಾ ನೋಡಿಕೊಳ್ಳಿ.