ಏರಿ ಮೇಲೆ ಸೆಲ್ಫಿ, ಏರಿ ಕೆಳಗೆ ಬುಗ್ಗೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದುಕೊಂಡು ಹೋಯಿತಲ್ಲ, ಆವತ್ತಿನಿಂದ ಕೊಪ್ಪಳ ಜಿಲ್ಲೆಯಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ. ಮಂಡಾಳ ಒಗ್ಗರಣಿ ಅಂಗಡಿಯಲ್ಲಿ ಮಿರ್ಚಿ ಕರಿಯುವವನೂ ಸ್ಟಾಪ್‌ಲಾಗ್ ಅಂದರೆ ಮುರಿದ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ ಅಂತ ಜಾರಿ ಸೌಟು ಹಿಡಿದು ವಿವರಿಸುತ್ತಾನೆ. 33 ಗೇಟುಗಳ ಜಾತಕವೂ ಎಲ್ಲರ ಬಾಯಲ್ಲಿದೆ.

ಇಷ್ಟು ತಿಳಿದವರ ಊರ ಹಿಂದೆಯೇ ಒಂದು ಕೆರೆ ಇದೆ. ಮಣ್ಣಿನ ಏರಿ, ನೀರು ಬಿಡಲು ಕಲ್ಲಿನ ತೂಬು, ಪಕ್ಕಕ್ಕೊಂದು ಕೋಡಿ. ಏರಿಯ ಕೆಳಗೆ ನಾಲ್ಕು ಓಣಿ, ಒಂದು ಅಂಗನವಾಡಿ. ಅದರ ಸುದ್ದಿ ತೆಗೆದರೆ, "ಅದೇನ್ ಬಿಡ್ರಿ, ಬೋಟಿಂಗ್ ಕೆರಿ" ಅನ್ನುತ್ತಾರೆ.

ಹೌದು, ಈಗ ಅದು ಬೋಟಿಂಗ್ ಕೆರೆ. ಹೋದ ವರ್ಷ ಅಭಿವೃದ್ಧಿಗೆ ದುಡ್ಡು ಬಂತು. ಬಂದ ದುಡ್ಡು ಸುಮ್ನೆ ಕೂರುತ್ತದೆಯೇ? ಮೊದಲು ಏರಿಯ ತಲೆ ಕೆರೆಸಿದರು. ಉದ್ಘಾಟನೆಗೆ ಬರುವವರ ಕಾರು ಮೇಲೆ ಹತ್ತಬೇಕು, ವಾಕಿಂಗ್ ಮಾಡುವವರಿಗೆ ಏರಿಳಿತ ಇರಬಾರದು. ಒಂದೂವರೆ ಅಡಿ ಮಣ್ಣು ಟ್ರ್ಯಾಕ್ಟರ್ ಹತ್ತಿ ಯಾರದೋ ಸೈಟಿಗೆ ಹೋಯಿತು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿದರೆ ಮೊಣಕೈವರೆಗೆ ಕೈ ಇಳಿಯುತ್ತದೆ. ಆ ಬಿರುಕು ನೋಡಲು ಚೆಂದ ಇರಲಿಲ್ಲ ಅಂತ ಮೇಲೆ ಬಣ್ಣದ ಪೇವರ್ ಹಾಸಿದರು. ಈಗ ಬಿರುಕು ಇದ್ದರೂ ಕಾಣುವುದಿಲ್ಲ.

ಆಮೇಲೆ ಕೋಡಿ. ನೀರು ಜಾಸ್ತಿಯಾದಾಗ ಹೊರಗೆ ಹೋಗಲಿ ಅಂತ ಹಿರಿಯರು ಬಿಟ್ಟ ಬಾಗಿಲು ಅದು. ಅಲ್ಲಿ ಮೀನು ಹಾರಿ ಹೋಗುತ್ತವೆ ಅಂತ ಟೆಂಡರ್ ಹಿಡಿದವರು ಕಬ್ಬಿಣದ ಜಾಳಿಗೆ ಹಾಕಿಸಿದರು. ಮೀನು ನಿಂತವು. ಜತೆಗೆ ಜಾಲಿ ಕಂಟಿ, ನೀರಿನ ಬಾಟಲಿ, ಯಾರದೋ ಮನೆಯ ಗಣಪನ ಪೀಠ, ಎಲ್ಲವೂ ನಿಂತವು. ಅದರ ಮೇಲೆ ಒಂದು ಸಿಮೆಂಟ್ ಕಟ್ಟೆ, ಕಟ್ಟೆಯ ಮೇಲೆ 'ಐ ಲವ್ ನಮ್ಮ ಕೆರೆ' ಅಂತ ಕೆಂಪು ಅಕ್ಷರ. ಹೆಚ್ಚಾದ ನೀರಿಗಿದ್ದ ಏಕೈಕ ಬಾಗಿಲನ್ನು ಮುಚ್ಚಿ ಅಲ್ಲೇ ಪ್ರೀತಿ ಹೇಳುವುದು ನಮ್ಮವರಿಗೇ ಹೊಳೆಯಬೇಕು.

ತೂಬಿನದು ಸಣ್ಣ ಕತೆ. ಹಂಸದ ಬೋಟಿನ ಪೆಡಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕಾಂಕ್ರೀಟ್ ಸುರಿದು ಮುಚ್ಚಿದರು. ಇನ್ನು ನೀರು ಇಳಿಸಬೇಕೆಂದರೆ ತಂಬಿಗೆಯಿಂದ ತೋಡಬೇಕು.

ಇದನ್ನೆಲ್ಲ ಸಭೆಯಲ್ಲಿ ಕೇಳಿದೆ. ಸಾಹೇಬರು ನಕ್ಕರು. "ಡ್ಯಾಮ್ ಅಂದ್ರ ಗೇಟ್ ಇರ್ತಾವ್ರಿ. ಇದಕ್ಕ ಗೇಟೇ ಇಲ್ಲ. ಇಲ್ಲದ್ದು ಮುರಿಯೋದು ಹೆಂಗ?" ಕಾನೂನೂ ಅವರ ಕಡೆಗೇ ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು 15 ಮೀಟರಿಗಿಂತ ಎತ್ತರದವನ್ನು. 10ರಿಂದ 15 ಮೀಟರಿನವು ಉದ್ದ, ನೀರಿನ ಪ್ರಮಾಣ ಇತ್ಯಾದಿ ಷರತ್ತು ದಾಟಿದರೆ ಒಳಗೆ ಬರುತ್ತವೆ. ನಮ್ಮ ಏರಿ ನಾಲ್ಕಾಳು ಎತ್ತರ. ಅಂದರೆ ಆ ಕಾಯ್ದೆಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹಾಗಾಗಿ ಕೆಳಗಿನ ಓಣಿಯವರು ನೆಮ್ಮದಿಯಿಂದ ಮಲಗಬಹುದು. ಅಣೆಕಟ್ಟೇ ಅಲ್ಲದ್ದು ಒಡೆದರೆ ಅದನ್ನು ಒಡೆದಿದ್ದು ಅಂತ ಹೇಳೋಕಾದರೂ ಬರುತ್ತದೆಯೇ?

ನಮ್ಮ ಕೆರೆ ಕಮಿಟಿಯವರಿಗೆ ಗೊತ್ತಿಲ್ಲ, ಅವರು ದೊಡ್ಡವರ ದಾರಿಯಲ್ಲೇ ನಡೆದಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸೌತ್ ಫೋರ್ಕ್ ಅಂತ ಒಂದು ಮಣ್ಣಿನ ಡ್ಯಾಮ್ ಇತ್ತು. ಶ್ರೀಮಂತರ ಮೀನುಗಾರಿಕೆ ಕ್ಲಬ್ಬಿನದು, ಉಕ್ಕಿನ ಕುಬೇರ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯ. ಸಾರೋಟು ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದರು. ಮೀನು ಹೋಗದಿರಲಿ ಅಂತ ಕೋಡಿಗೆ ಜಾಳಿಗೆ ಹಾಕಿದರು. ನೀರು ಇಳಿಸುವ ಪೈಪುಗಳನ್ನು ಹಿಂದಿನ ಮಾಲೀಕರೇ ಕಿತ್ತು ಗುಜರಿಗೆ ಹಾಕಿದ್ದರು, ಇವರು ಮತ್ತೆ ಕೂರಿಸಲಿಲ್ಲ. 1889ರ ಮೇ 31ರಂದು ದೊಡ್ಡ ಮಳೆ. ನೀರು ಏರಿಯ ಮೇಲೆ ಹತ್ತಿ ಇಳಿಯಿತು, ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು. ಕ್ಲಬ್ಬಿನವರು ಪರಿಹಾರ ಕಟ್ಟಬೇಕಾಗಿ ಬರಲಿಲ್ಲ. ದೇವರ ಆಟ ಅಂದುಬಿಟ್ಟರು.

ದೇವರು ಬೇಡವೆಂದರೆ ಏಡಿ ಇದೆ. 2019ರ ಜುಲೈನಲ್ಲಿ ಮಹಾರಾಷ್ಟ್ರದ ರತ್ನಾಗಿರಿಯ ತಿವರೆ ಅಣೆಕಟ್ಟು ಒಡೆದು ಜನ ಕೊಚ್ಚಿಹೋದರು. ಏರಿಯ ಸೋರಿಕೆಗೆ ಏಡಿಗಳೇ ಕಾರಣ ಅಂತ ಅಲ್ಲಿನ ಮಂತ್ರಿಯೊಬ್ಬರು ಹೇಳಿದ್ದರು. ನಮ್ಮಲ್ಲಿ ಏಡಿ ಕಡಿಮೆ, ಹೆಗ್ಗಣ ಬೇಕಾದಷ್ಟಿವೆ. ಹೇಳಿಕೆ ಕೊಡುವವರಿಗೆ ಕಷ್ಟವಾಗದು.

ಇಷ್ಟರಲ್ಲಿ ಏರಿಯ ಬುಡದಲ್ಲಿ, ಅಂಗನವಾಡಿಯ ಹಿಂದೆ, ನೆಲ ಹಸಿಯಾಯಿತು. ಒಂದು ವಾರಕ್ಕೆ ಸಣ್ಣಗೆ ನೀರು ಹರಿಯಿತು. ಕಮಿಟಿಯವರು ಓಡಿ ಬಂದರು. ನೋಡಿದರು. ಸುತ್ತ ಬಿಳಿ ಕಲ್ಲು ಜೋಡಿಸಿ 'ನೈಸರ್ಗಿಕ ಬುಗ್ಗೆ' ಅಂತ ಬೋರ್ಡ್ ಹಾಕಿದರು. ಜನ ಅದಕ್ಕೆ ಒಂದು ರೂಪಾಯಿ ಹಾಕಿ ಕೈ ಮುಗಿಯುತ್ತಾರೆ.

ಒಬ್ಬರೇ ಒಬ್ಬರು ಕೈ ಮುಗಿಯುವುದಿಲ್ಲ. ಮೊದಲು ತೂಬು ಎತ್ತಿ ಇಳಿಸುತ್ತಿದ್ದ ಕಾಕಾ. ದಿನಾ ಬೆಳಗ್ಗೆ ಬಂದು, ಬುಗ್ಗೆಗೆ ಗಾಜಿನ ಬಾಟಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡುತ್ತಾರೆ. ಯಾಕೆ ಕಾಕಾ ಅಂದೆ.

"ತಿಳಿನೀರು ಬಂದ್ರ ಏರಿ ಬೆವರಾಕತ್ತೈತಿ ಅಂತ ತಿಳ್ಕೊ ತಮ್ಮಾ. ಕೆಂಪಾದ್ರ, ಕಪ್ಪಾದ್ರ, ಒಳಗಿಂದ ಮಣ್ಣು ಹೊಂಟೈತಿ ಅಂತ."

ಹೋದ ತಿಂಗಳು ಬಾಟಲಿ ತಿಳಿಯಾಗಿತ್ತು. ನಿನ್ನೆ ಅದನ್ನು ಕಟ್ಟೆಯ ಮೇಲಿಟ್ಟು ನಾವಿಬ್ಬರೂ ಒಂದು ಚಾ ಕುಡಿದು ಬಂದೆವು. ತಳದಲ್ಲಿ ಒಂದು ಬೆರಳಷ್ಟು ಎರೆಮಣ್ಣು ಕೂತಿತ್ತು. ಪಕ್ಕದಲ್ಲಿ ಯಾರೋ ಊದಿನಕಡ್ಡಿ ಹಚ್ಚಿಟ್ಟು ಹೋಗಿದ್ದರು.