ಯಾವ ಫೋನ್ ಬೂತ್ ಅಂತಾನೆ!

ನಿನ್ನೆ ಸಂಜೆಯಿಂದ ತಲೆ ಕೆಟ್ಟು ಕೂತಿದೀನಿ. ಅಣ್ಣನ ಮಗ ಮನೆಗೆ ಬಂದಿದ್ದ, ಕಾಫಿ ಕುಡೀತಾ "ಚಿಕ್ಕಪ್ಪ, ನೀವು ಹೇಳ್ತಾನೇ ಇದ್ರಲ್ಲ ಆ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ, ನೋಡಿ ಮುಗಿಸ್ದೆ" ಅಂದ. ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಎದ್ದು ಹೋಗಿ ಅವನ ಪಕ್ಕದಲ್ಲೇ ಕೂತೆ. ಆಮೇಲೆ ಗೊತ್ತಾಯ್ತು, ಮೆಟ್ರೋದಲ್ಲಿ ಆಫೀಸಿಗೆ ಹೋಗ್ತಾ ಬರ್ತಾ, ಫೋನಲ್ಲಿ, ಒಂದೂವರೆ ಪಟ್ಟು ಸ್ಪೀಡಲ್ಲಿ ಓಡಿಸ್ಕೊಂಡು ನೋಡಿದಾನೆ. "ಸ್ವಲ್ಪ ಸ್ಲೋ ಚಿಕ್ಕಪ್ಪ, ಆದ್ರೆ ಕಥೆ ಚೆನ್ನಾಗಿದೆ."

ಸರಿ, ಆ ಫೋನ್ ಬೂತ್ ಸೀನ್ ಹೇಗನ್ನಿಸ್ತು ಅಂದೆ. "ಯಾವ ಫೋನ್ ಬೂತ್?"

ಸಿನಿಮಾ ಯಾವುದು ಅಂತ ನಿಮಗೆಲ್ಲ ಗೊತ್ತಾಗಿರುತ್ತೆ, ವಿಲಿಯಂ ವೈಲರ್ 1946ರಲ್ಲಿ ಮಾಡಿದ 'ದ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್'. ಎರಡನೇ ಮಹಾಯುದ್ಧ ಮುಗಿಸಿ ಮೂರು ಜನ ಒಂದೇ ಊರಿಗೆ ವಾಪಸ್ ಬರೋ ಕಥೆ. ಅದರಲ್ಲೊಂದು ಬಾರ್ ಸೀನ್ ಇದೆ. ಮುಂದುಗಡೆ ಪಿಯಾನೋ, ಆ ಮೂವರಲ್ಲಿ ಒಬ್ಬ, ಎರಡೂ ಕೈ ಇಲ್ಲದ ಹುಡುಗ, ತನ್ನ ಕಬ್ಬಿಣದ ಕೊಕ್ಕೆಗಳಲ್ಲಿ ಪಿಯಾನೋ ನುಡಿಸ್ತಿದಾನೆ, ಪಕ್ಕದಲ್ಲಿ ನಿಂತ ಇನ್ನೊಬ್ಬ, ಫ್ರೆಡ್ರಿಕ್ ಮಾರ್ಚ್, ಕೇಳಿಸ್ಕೊಳ್ತಾ ನಡುನಡುವೆ ತಿರುಗಿ ಹಿಂದೆ ನೋಡ್ತಾನೆ. ಎಷ್ಟೋ ದೂರದಲ್ಲಿ, ಬಾಗಿಲ ಹತ್ರ ಇರೋ ಫೋನ್ ಬೂತಲ್ಲಿ ಮೂರನೆಯವನು, ಡಾನಾ ಆಂಡ್ರ್ಯೂಸ್, ಮಾರ್ಚ್ ಮಗಳಿಗೇ ಫೋನ್ ಮಾಡಿ ಇನ್ಮೇಲೆ ಸಿಗಲ್ಲ ಅಂತ ಹೇಳ್ತಿದಾನೆ. ಒಂದು ಮಾತೂ ನಮಗೆ ಕೇಳಿಸಲ್ಲ. ಕ್ಲೋಸಪ್ಪೂ ಇಲ್ಲ. ಮುಂದೆ ಸಂಗೀತ, ಹಿಂದೆ ಒಬ್ಬನ ಬದುಕು ಕುಸೀತಿದೆ, ಎರಡೂ ಒಂದೇ ಶಾಟಲ್ಲಿ. ಕ್ಯಾಮೆರಾಮನ್ ಗ್ರೆಗ್ ಟೋಲಂಡ್, 'ಸಿಟಿಜನ್ ಕೇನ್' ಸಿನಿಮಾಕ್ಕೆ ಕ್ಯಾಮೆರಾ ಮಾಡಿದವರೇ, ಹತ್ತಿರದ್ದೂ ದೂರದ್ದೂ ಒಂದೇ ಥರ ಸ್ಪಷ್ಟವಾಗಿ ಕಾಣೋ ಹಾಗೆ ತೆಗೆದಿದಾರೆ. ಫೋನಲ್ಲಿ ಆ ಬೂತಿನ ಮನುಷ್ಯ ಸಾಸಿವೆ ಕಾಳು ಕಣ್ರೀ! ಕಾಣದೇ ಇದ್ರೆ ಆ ಸೀನಲ್ಲಿ ಪಿಯಾನೋ ಬಿಟ್ಟು ಇನ್ನೇನು ಉಳೀತು?

ಇನ್ನು ಸ್ಪೀಡು. ಮಾರ್ಚ್ ಮನೆಗೆ ಬರೋ ಸೀನ್ ನೆನಪಿಸ್ಕೊಳ್ಳಿ. ಬಾಗಿಲು ತೆಗೆದ ಮಕ್ಕಳು ಕೂಗದ ಹಾಗೆ ಬಾಯಿಗೆ ಕೈ ಅಡ್ಡ ಹಿಡೀತಾನೆ. ಒಳಗಿಂದ ಹೆಂಡತಿ ಮರ್ನಾ ಲಾಯ್ ಯಾರು ಬಂದಿದ್ದು ಅಂತ ಕೇಳ್ತಾಳೆ, ಉತ್ತರ ಬರಲ್ಲ, ಅವಳ ಮಾತೂ ಅರ್ಧಕ್ಕೆ ನಿಲ್ಲುತ್ತೆ. ಆ ನಿಂತ ಮಾತಿದೆಯಲ್ಲ, ಇಡೀ ಸೀನು ಅಲ್ಲಿದೆ. ಆಮೇಲೆ ಉದ್ದದ ಕಾರಿಡಾರು, ಆ ತುದೀಲಿ ಅವಳು, ಈ ತುದೀಲಿ ಇವನು. ಈ ಮೌನವನ್ನ ಒಂದೂವರೆ ಪಟ್ಟು ಓಡಿಸಿದ್ರೆ ಏನು ಸಿಗುತ್ತೆ? ಮರ್ನಾ ಲಾಯ್‌ಗೆ ಜೀವಮಾನದಲ್ಲಿ ಒಂದು ಆಸ್ಕರ್ ನಾಮಿನೇಷನ್ ಕೂಡ ಬರಲಿಲ್ಲ, 1991ರಲ್ಲಿ ಗೌರವಕ್ಕೆ ಅಂತ ಒಂದು ಕೊಟ್ರು, ಅಷ್ಟೇ. ಈ ಸಿನಿಮಾಕ್ಕೆ ಮಾರ್ಚ್‌ಗೆ ಬಂತು. ಇವಳಿಗೆ ಯಾಕಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ.

ಇಲ್ಲೊಂದು ಹೇಳ್ಬೇಕು, ಇದುವರೆಗೆ ಎಲ್ಲೂ ಬರೆದಿಲ್ಲ. ನಮ್ಮಪ್ಪ ಮಿಲಿಟರೀಲಿದ್ರು ಅಂತ ನಿಮಗೆ ಗೊತ್ತಲ್ಲ. ರಿಟೈರ್ ಆಗಿ ಬಂದ ದಿನ ನಡುಮನೇಲಿ ಟ್ರಂಕ್ ಹಿಡ್ಕೊಂಡು ನಿಂತು ಅಮ್ಮನ್ನ "ಇದನ್ನ ಎಲ್ಲಿ ಇಡ್ಲಿ?" ಅಂತ ಕೇಳಿದ್ರು. ತಮ್ಮ ಮನೇಲೇ! ಆಗ ನಾನು ಏಳನೇ ಕ್ಲಾಸು, ಏನೂ ಅರ್ಥ ಆಗ್ಲಿಲ್ಲ. ಎಷ್ಟೋ ವರ್ಷದ ಮೇಲೆ, ಅಪ್ಪ ಹೋದ ಮೇಲೆ, ಹೆಂಡತಿ ಮಕ್ಕಳ ಮಧ್ಯೆ ಏನು ಮಾಡ್ಬೇಕು ಅಂತ ತೋಚದೆ ಒದ್ದಾಡೋ ಮಾರ್ಚ್‌ನ ನೋಡಿದಾಗ ಅರ್ಥ ಆಯ್ತು. ಅವತ್ತು ರಾತ್ರಿ ತುಂಬಾ ಅತ್ತೆ. ನೀನು ಮೆಟ್ರೋದಲ್ಲಿ ಓಡಿಸಿದ್ದು ನಿನ್ನ ತಾತನ್ನ ಕಣೋ, ಅಂತ ನಿನ್ನೆ ಹುಡುಗನಿಗೆ ಹೇಳ್ಬೇಕು ಅನ್ನಿಸ್ತು, ಗಂಟಲು ಕಟ್ಕೊಂಡು ಹೇಳಕ್ಕಾಗ್ಲಿಲ್ಲ.

ಕೊಕ್ಕೆಯ ಹುಡುಗ ಹೆರಾಲ್ಡ್ ರಸೆಲ್ ವೃತ್ತಿ ನಟನೇ ಅಲ್ಲ. 1944ರ ಜೂನ್ 6ರಂದು ತರಬೇತಿ ಶಿಬಿರದಲ್ಲಿ ಸಿಡಿಮದ್ದು ಸ್ಫೋಟಿಸಿ ನಿಜವಾಗ್ಲೂ ಎರಡೂ ಕೈ ಕಳ್ಕೊಂಡವರು. ಸೈನ್ಯದವರು ತೆಗೆದ ಒಂದು ಡಾಕ್ಯುಮೆಂಟರೀಲಿ ನೋಡಿ ವೈಲರ್ ಕರ್ಕೊಂಡು ಬಂದ್ರು. ನಟನೆಗೆ ಪ್ರಶಸ್ತಿ ಬರಲಿಕ್ಕಿಲ್ಲ ಅಂತ ಅಕಾಡೆಮಿ ಒಂದು ವಿಶೇಷ ಆಸ್ಕರ್ ಕೊಡ್ತು, ಅದೇ ರಾತ್ರಿ ಪೋಷಕ ನಟ ಪ್ರಶಸ್ತೀನೂ ಅವರಿಗೇ ಬಂತು. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಬೇರೆ ಯಾರಿಗೂ ಬಂದಿಲ್ಲ. 1992ರಲ್ಲಿ ಹೆಂಡತಿ ಚಿಕಿತ್ಸೆಗೆ ಅಂತ ಒಂದನ್ನ 60,500 ಡಾಲರ್‌ಗೆ ಮಾರಿದ್ರು. ಹುಡುಗಿ ಎದುರು ಕೊಕ್ಕೆಯ ಪಟ್ಟಿ ಬಿಚ್ಚಿ, ಇದಿಲ್ದೆ ನನ್ನ ಕೈಲಿ ಏನೂ ಆಗಲ್ಲ ಅಂತ ತೋರಿಸೋ ಸೀನಲ್ಲಿ ಅವರು ಏನನ್ನೂ ನಟಿಸಬೇಕಿರಲಿಲ್ಲ. ಅವಳು ಸುಮ್ನೆ ಅವನ ಪೈಜಾಮ ಶರ್ಟಿನ ಗುಂಡಿ ಹಾಕ್ತಾಳೆ. ಅದನ್ನೂ ಬೇಗ ಬೇಗ ಹಾಕ್ಬೇಕಾ?

ಟೈಮಿಲ್ಲ, ಮೂರು ಗಂಟೆ ಸಿನಿಮಾ ಯಾರು ನೋಡ್ತಾರೆ, ಎಲ್ಲರ ಮನೇಲೂ ದೊಡ್ಡ ಟೀವಿ ಇರುತ್ತಾ ಅಂತ ಕೇಳ್ತೀರಿ. ಟೀವಿ ಇಲ್ದಿರೋರ ಮೇಲೆ ನನಗೆ ಸಿಟ್ಟಿಲ್ಲ, ಲ್ಯಾಪ್‌ಟಾಪಲ್ಲಾದ್ರೂ ನೋಡಿ. ಆದ್ರೆ ಟೈಮಿಲ್ಲ ಅನ್ನೋದನ್ನ ಒಪ್ಪಲ್ಲ, ಎರಡು ರಾತ್ರಿ ಮಾಡ್ಕೊಂಡು ನೋಡಿ, ಆಗ್ಲಿಲ್ವಾ, ನೋಡ್ಲೇಬೇಡಿ. ಓಡಿಸ್ಕೊಂಡು ನೋಡಿ ಸ್ಲೋ ಅಂತ ಮಾತ್ರ ನನ್ನೆದುರು ಹೇಳ್ಬೇಡಿ.

ಬರೋ ಭಾನುವಾರ ಊಟ ಆದ್ಮೇಲೆ ನಮ್ಮನೇಲಿ ಮತ್ತೆ ಹಾಕ್ತೀನಿ. ಅಣ್ಣನ ಮಗನ್ನೂ ಕರೆದಿದೀನಿ, ಬರ್ತೀನಿ ಅಂದಿದಾನೆ. ನೀವೂ ಬನ್ನಿ. ಎರಡು ಗಂಟೆ ಐವತ್ತೆರಡು ನಿಮಿಷ, ಮೊದಲೇ ಹೇಳಿದೀನಿ. ಫೋನ್ ಇಡೋಕೆ ಬಾಗಿಲ ಹತ್ರ ಒಂದು ಬುಟ್ಟಿ ಇಟ್ಟಿರ್ತೀನಿ.