ಆಟಿಕೆ ಪಿಸ್ತೂಲಿಗೆ ಎಂಎಲ್‌ಎ ಟಿಕೆಟ್

ಮೊನ್ನೆ ಏರ್‌ಪೋರ್ಟಿನಲ್ಲಿ ನನ್ನ ಕೈಬ್ಯಾಗಿನಿಂದ ದೊಡ್ಡಮ್ಮ ಕೊಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಹೊರಗೆ ಬಂತು. ಸೆಕ್ಯೂರಿಟಿ ಹುಡುಗ ಅದನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಇನ್ನೊಬ್ಬನನ್ನು ಕರೆದು ತೋರಿಸಿದ. ‘ಯೇ ನಹೀ ಜಾಯೇಗಾ, ಅಂಕಲ್.’ ಬೆಲ್ಟ್ ಟ್ರೇಯಲ್ಲಿಟ್ಟು ಪ್ಯಾಂಟು ಹಿಡಿದುಕೊಂಡು ನಿಂತಿದ್ದ ನನಗೆ ಯಾಕೋ ಪಾಂಡೆಗಳು ನೆನಪಾದರು.

ಯಾವ ಪಾಂಡೆಗಳು ಅಂತೀರಾ? 1978ರ ಡಿಸೆಂಬರ್. ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಹೋಗಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆಯಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದ್ದರು. ಮಾರನೇ ದಿನ, ಅಂದರೆ 20ನೇ ತಾರೀಕು, ಭೋಲಾನಾಥ್ ಪಾಂಡೆ ಮತ್ತು ದೇವೇಂದ್ರ ಪಾಂಡೆ ಎಂಬಿಬ್ಬರು ಲಖನೌದಿಂದ ದೆಹಲಿಗೆ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ವಾರಾಣಸಿಯಲ್ಲಿ ಇಳಿಸಿದರು. ಇಂದಿರಾ ಅವರನ್ನು ಜೈಲಿನಿಂದ ಬಿಡುಗಡೆ ಮಾಡಿ, ಮಗ ಸಂಜಯ್ ಮೇಲಿನ ಕೇಸು ವಾಪಸ್ ತಗೊಳ್ಳಿ ಅಂತ ಬೇಡಿಕೆ. ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು. ಬಾಂಬ್ ಅಂತ ಹೆದರಿಸಿದ್ದು ಕ್ರಿಕೆಟ್ ಚೆಂಡು! ಇದಕ್ಕೆ ಉತ್ತರ ಪ್ರದೇಶದ ಮುಖ್ಯಮಂತ್ರಿಯೇ ಓಡಿ ಬಂದರು. ಬೆಳಗಾಗುವ ಹೊತ್ತಿಗೆ ಇವರು ಶರಣಾದರು.

ಜೈಲಿಗೆ ಹೋದರು, ನಿಜ. ಆದರೆ 1980ರಲ್ಲಿ ಸರ್ಕಾರ ಬದಲಾಯಿತು, ಕೇಸು ವಾಪಸಾಯಿತು, ಇಬ್ಬರಿಗೂ ಕಾಂಗ್ರೆಸ್ ಟಿಕೆಟ್ ಸಿಕ್ಕಿತು, ಇಬ್ಬರೂ ಗೆದ್ದು ಶಾಸಕರಾದರು. ಪೋಸ್ಟರ್ ಅಂಟಿಸುತ್ತಾ, ಬಾವುಟ ಕಟ್ಟುತ್ತಾ ತಲೆ ನರೆತ ಕಾರ್ಯಕರ್ತರ ಹೊಟ್ಟೆ ಎಷ್ಟು ಉರಿದಿರಬೇಕು!

ಇನ್ನೂ ತಮಾಷೆ ಇದೆ. 1976ರ ಒಂದು ಅಪಹರಣದ ನಂತರ ಸಮಿತಿ ಕೂತು, ಅದರ ಮಾತಿನಂತೆ 1978ರ ಜನವರಿಯಲ್ಲೇ ವಿಮಾನ ಭದ್ರತೆಗೆ ಅಂತ ಪ್ರತ್ಯೇಕ ವಿಭಾಗ ಶುರುವಾಗಿತ್ತು. ಸಮಿತಿಯ ಹೆಸರು? ಪಾಂಡೆ ಸಮಿತಿ. ಒಬ್ಬ ಪಾಂಡೆ ಹಾಕಿಸಿದ ಬೀಗವನ್ನು ವರ್ಷ ತುಂಬುವುದರೊಳಗೆ ಇನ್ನಿಬ್ಬರು ಪಾಂಡೆಗಳು ಚೆಂಡಿನಲ್ಲಿ ಒಡೆದರು.

1999ರ ಕಂದಹಾರ್ ವಿಮಾನ ಅಪಹರಣ ಮಾತ್ರ ನಗುವ ವಿಷಯವಲ್ಲ. ಅದಾದ ಮೇಲೆ ಏರ್‌ಪೋರ್ಟಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಬಂತು, ತಪಾಸಣೆ ಬಿಗಿಯಾಯಿತು, ಬೇಕಿತ್ತು ಕೂಡ. ಆದರೆ ತೆಂಗಿನಕಾಯಿ ಕಥೆ ನೋಡಿ. ಕೈಬ್ಯಾಗಿನಲ್ಲಿ ಇಡೀ ಕಾಯಿ ಒಯ್ಯುವ ಹಾಗಿಲ್ಲ. 2022ರಲ್ಲಿ ಶಬರಿಮಲೆ ಸೀಸನ್ ಬಂದಾಗ ಇರುಮುಡಿಯೊಳಗಿನ ಕಾಯಿಗೆ ಮಾತ್ರ ವಿನಾಯಿತಿ ಕೊಟ್ಟರು. ಅದೇ ಕಾಯಿ, ಅದೇ ಜುಟ್ಟು. ಮಾಲೆ ಹಾಕಿದ್ದರೆ ಭಕ್ತಿ, ಇಲ್ಲದಿದ್ದರೆ ಆಯುಧ!

‘ಭಾಯಿಸಾಬ್, ಬರೀ ಮಾವಿನಮಿಡಿ ಇದು’ ಅಂದೆ. ಆತ ತಲೆ ಎತ್ತಲೇ ಇಲ್ಲ. ಬಾಟಲಿ ಟಣ್ ಅಂತ ಡಬ್ಬಕ್ಕೆ ಬಿತ್ತು. ಬಗ್ಗಿ ನೋಡಿದೆ. ಒಳಗೆ ಆಗಲೇ ಯಾರದ್ದೋ ತುಪ್ಪ, ಎರಡು ಕತ್ತರಿ, ಪಕ್ಕದಲ್ಲಿ ಯಾವುದೋ ಮಗುವಿನ ನೀಲಿ ಪ್ಲಾಸ್ಟಿಕ್ ಪಿಸ್ತೂಲು.